ಮನಿಲಾದಲ್ಲಿ ಹಾಲಿವುಡ್‌ಗೆ ರಜೆ

ಡಿಸೆಂಬರ್ 24ರ ರಾತ್ರಿಯ ಕೊನೆಯ ಆಟ ಮುಗಿಯುತ್ತಿದ್ದಂತೆ ಫಿಲಿಪೀನ್ಸಿನ ಚಿತ್ರಮಂದಿರಗಳಿಂದ ಹಾಲಿವುಡ್ ಗಂಟುಮೂಟೆ ಕಟ್ಟುತ್ತದೆ. ಯಾವ ದೊಡ್ಡ ಸ್ಟುಡಿಯೋದ ಸಿನಿಮಾ ಆಗಿದ್ದರೂ, ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ವಿನಾಯಿತಿ ಇಲ್ಲ. ಕ್ರಿಸ್‌ಮಸ್ ದಿನದ ಬೆಳಗಿನ ಆಟದಿಂದ ಹಿಡಿದು ಜನವರಿ ಮೊದಲ ವಾರದವರೆಗೆ ದೇಶದ ಬಹುತೇಕ ಎಲ್ಲ ಪರದೆಗಳೂ ಅಲ್ಲಿಯ ಮಂದಿ ಅಲ್ಲಿಯೇ ತಯಾರಿಸಿದ ಚಿತ್ರಗಳಿಗೆ ಮೀಸಲು. ಇದರ ಹೆಸರು ಮೆಟ್ರೊ ಮನಿಲಾ ಫಿಲ್ಮ್ ಫೆಸ್ಟಿವಲ್. ಹೆಸರಿನಲ್ಲಿ ಮನಿಲಾ ಮಾತ್ರ ಇದ್ದರೂ ದಕ್ಷಿಣದ ದಾವಾವೊದಲ್ಲೂ ನಡುಗಡ್ಡೆಯ ಸೆಬುವಿನಲ್ಲೂ ಇದೇ ಕಾಯಿದೆ.

ಫಿಲ್ಮ್ ಫೆಸ್ಟಿವಲ್ ಎಂದಕೂಡಲೇ ನನ್ನಂಥವರ ಕಣ್ಣಮುಂದೆ ಬರುವುದು ಬೇರೆಯೇ ಚಿತ್ರ. ಕೊರಳಿಗೆ ಪಾಸು, ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲಿ ವೇಳಾಪಟ್ಟಿ. ಇರಾನಿನ ಸಿನಿಮಾಕ್ಕೆ ಸಾಲು ನಿಂತು ಜಾಗ ಸಿಗದೆ ಪೋಲೆಂಡಿನದಕ್ಕೆ ನುಗ್ಗುವುದು, ನಡುವೆ ಕಾಫಿ ಕುಡಿಯುತ್ತ ಅರ್ಧ ನೋಡಿದ ಸಿನಿಮಾದ ಬಗ್ಗೆ ಪೂರ್ತಿ ಅಭಿಪ್ರಾಯ ಹೇಳುವುದು. ಬೆಂಗಳೂರಿನ ಚಿತ್ರೋತ್ಸವದಲ್ಲಿ ನಾವು ಮಾಡುವುದು ಇದನ್ನೇ. ಮನಿಲಾದ ಉತ್ಸವದಲ್ಲಿ ಇದ್ಯಾವುದೂ ಇಲ್ಲ. ಪ್ರತಿನಿಧಿಗಳಿಲ್ಲ, ಪಾಸಿಲ್ಲ. ಮಾಲ್‌ಗೆ ಹೋಗಿ ಕೌಂಟರಿನಲ್ಲಿ ದುಡ್ಡು ಕೊಟ್ಟು ಟಿಕೆಟ್ ತಗೊಂಡು ಮಕ್ಕಳುಮರಿ ಸಮೇತ ಒಳಗೆ ಹೋಗಬೇಕು. ಅದಕ್ಕೂ ಉತ್ಸವ ಎನ್ನಬಹುದೇ? 2024ರ ಡಿಸೆಂಬರಿನಲ್ಲಿ ಅದರ ಐವತ್ತನೆಯ ಆವೃತ್ತಿ ನಡೆಯುವ ಹೊತ್ತಿಗೆ ನಾನು ಮನಿಲಾಗೆ ಹೋದದ್ದು ಈ ಅನುಮಾನವನ್ನು ಹೊತ್ತುಕೊಂಡೇ.

ಅಲ್ಲಿ ನನಗೆ ಗೂಡು ಕೊಟ್ಟವನು ಮೈಸೂರಿನ ನನ್ನ ಹಳೆಯ ವಿದ್ಯಾರ್ಥಿ. ಮಕಾಟಿಯ ಬ್ಯಾಂಕೊಂದರಲ್ಲಿ ಕೆಲಸ. ಮಂದಾಲುಯಾಂಗ್‌ನಲ್ಲಿ ಒಂದು ಹಳೆಯ ಮನೆಯ ಮೇಲಿನ ಅಂತಸ್ತಿನಲ್ಲಿ ಬಾಡಿಗೆಗಿದ್ದಾನೆ. ಕೆಳಗೆ ಮನೆಯೊಡತಿ. ಅರುವತ್ತು ದಾಟಿದ ಹೆಂಗಸು, ಬೀದಿಯವರೆಲ್ಲ ಆಕೆಯನ್ನು ‘ಟೀಟಾ’ ಎಂದು ಕರೆಯುತ್ತಾರೆ; ನಮ್ಮಲ್ಲಿ ಅತ್ತೆ, ಚಿಕ್ಕಮ್ಮ ಎಂದ ಹಾಗೆ. ನನ್ನನ್ನು ನೋಡಿದ ಮೊದಲ ಗಳಿಗೆಯಲ್ಲಿ ಅವರು ನಕ್ಕು, ‘ಇವರೂ ಬೊಂಬಾಯಿಯವರೇ?’ ಎಂದರು. ಅಲ್ಲಿ ಇಂಡಿಯಾದವರೆಲ್ಲ ಬೊಂಬಾಯಿಯವರೇ. ಮೋಟರ್ ಸೈಕಲ್ಲಿನಲ್ಲಿ ಓಣಿ ಓಣಿ ಸುತ್ತಿ ಬಡ್ಡಿ ಸಾಲ ಕೊಡುವ ಪಂಜಾಬಿಗಳಿಂದ ಹುಟ್ಟಿಕೊಂಡ ಕಲ್ಪನೆ ಅದು. ನಾನು ಸಾಲ ಕೊಡುವವನಲ್ಲ, ಸಿನಿಮಾ ನೋಡಲು ಬಂದವನು ಎಂದು ಹುಡುಗ ಹೇಳಿದಾಗ ಟೀಟಾ ಅವರ ಮುಖದಲ್ಲಿ ಕಂಡದ್ದು ಕನಿಕರ. ಇಷ್ಟು ದೂರ, ಅದೂ ವಿಮಾನದಲ್ಲಿ!

ಮನಿಲಾದಲ್ಲಿ ಕ್ರಿಸ್‌ಮಸ್ ಸೆಪ್ಟೆಂಬರಿನಲ್ಲೇ ಶುರುವಾಗಿಬಿಡುತ್ತದೆ. ಡಿಸೆಂಬರ್ ನಡುವಿಗೆ ಬರುವಷ್ಟರಲ್ಲಿ ಮನೆಮನೆಯ ಮುಂದೆ ನಕ್ಷತ್ರದ ಆಕಾರದ ‘ಪರೋಲ್’ ದೀಪಗಳು, 16ರಿಂದ ಒಂಬತ್ತು ದಿನ ಕೋಳಿ ಕೂಗುವ ಹೊತ್ತಿಗೆ ಪೂಜೆ, ಚರ್ಚಿನ ಹೊರಗೆ ಬಾಳೆಯೆಲೆಯ ಮೇಲೆ ಬೇಯಿಸಿದ ಬಿಬಿಂಗ್ಕಾ, ಬಿದಿರ ಕೊಳವೆಯಲ್ಲಿ ಹಬೆಗಿಟ್ಟ ನೇರಳೆ ಬಣ್ಣದ ಪುಟೊ ಬುಂಬೊಂಗ್. ಇವೆರಡೂ ಅಕ್ಕಿ ಮತ್ತು ತೆಂಗಿನಕಾಯಿಯವು. ಹಾಗಾಗಿ ದಕ್ಷಿಣ ಕನ್ನಡದವರನ್ನು ಅಲ್ಲಿ ಬಿಟ್ಟರೆ ಮರಳಿ ಕರೆತರುವುದು ಕಷ್ಟ.

ಸಿನಿಮಾಕ್ಕೂ ಹಬ್ಬಕ್ಕೂ ನಂಟು ಬೆಳೆಸಿದ್ದು ದೀಪವೂ ಅಲ್ಲ, ಭಕ್ತಿಯೂ ಅಲ್ಲ, ದುಡ್ಡು. ಅಲ್ಲಿ ಪ್ರತಿಯೊಬ್ಬ ಸಂಬಳದಾಳಿಗೂ ವರ್ಷಕ್ಕೆ ಹದಿಮೂರನೆಯ ತಿಂಗಳ ಸಂಬಳ ಉಂಟು. ಡಿಸೆಂಬರ್ 24ರೊಳಗೆ ಅದು ಕೈಗೆ ಸೇರಲೇಬೇಕು. ಈ ಆದೇಶ ಹೊರಟದ್ದು 1975ರ ಡಿಸೆಂಬರಿನಲ್ಲಿ, ಅಧ್ಯಕ್ಷ ಮಾರ್ಕೋಸ್‌ನ ಮಾರ್ಷಲ್ ಲಾ ಕಾಲದಲ್ಲಿ. ಉತ್ಸವ ಹುಟ್ಟಿದ್ದೂ ಅದೇ 1975ರಲ್ಲೇ. ಮೊದಲ ವರ್ಷ ಅದು ನಡೆದದ್ದು ಸೆಪ್ಟೆಂಬರಿನಲ್ಲಿ. ಮರುವರ್ಷ ಕ್ರಿಸ್‌ಮಸ್‌ಗೆ ಬಂತು, ಅಲ್ಲೇ ಬೇರೂರಿತು. ದೊಡ್ಡವರ ಕಿಸೆಯಲ್ಲಿ ಹದಿಮೂರನೆಯ ಸಂಬಳ, ಮಕ್ಕಳ ಕೈಯಲ್ಲಿ ಜ್ಞಾನಪಿತರು ಕೊಟ್ಟ ಹಬ್ಬದ ಕಾಸು, ಮೈಮೇಲೆ ಹೊಸ ಬಟ್ಟೆ, ಊರಿಗೆಲ್ಲ ರಜೆ. ಇದಕ್ಕಿಂತ ಒಳ್ಳೆಯ ಎರಡು ವಾರಗಳು ವರ್ಷದಲ್ಲಿ ಯಾವುವಿವೆ? ಪರದೇಶದ ಸಿನಿಮಾಗಳನ್ನು ಹೊರಗಿಟ್ಟದ್ದು ಸಿನಿಮಾ ಮಾರುಕಟ್ಟೆಯ ಅತ್ಯಂತ ಕೊಬ್ಬಿದ ಭಾಗದಿಂದ ಎಂಬುದನ್ನು ಮರೆಯಬಾರದು. ಆಷಾಢದ ಮಳೆಗಾಲದಲ್ಲಿ ಎರಡು ವಾರ ಬಿಟ್ಟುಕೊಟ್ಟಿದ್ದರೆ ಅದನ್ನು ಯಾರೂ ಔದಾರ್ಯ ಎನ್ನುತ್ತಿರಲಿಲ್ಲ.

ಈ ಯೋಚನೆಯ ಬೀಜ ಇನ್ನೂ ಹಿಂದಿನದು. ಅರುವತ್ತರ ದಶಕದಲ್ಲಿ ಮನಿಲಾದ ಒಳ್ಳೆಯ ಚಿತ್ರಮಂದಿರಗಳೆಲ್ಲ ಹಾಲಿವುಡ್‌ಗೆ ಮುಡಿಪಾಗಿದ್ದವು. ವರ್ಷಕ್ಕೆ ನೂರಕ್ಕೂ ಮಿಕ್ಕಿ ಚಿತ್ರ ತೆಗೆಯುತ್ತಿದ್ದ ದೇಶದಲ್ಲಿ ಸ್ವಂತ ಸಿನಿಮಾಕ್ಕೆ ಎರಡನೆಯ ದರ್ಜೆಯ ಟಾಕೀಸುಗಳೇ ಗತಿ. 1966ರಲ್ಲಿ ಮನಿಲಾದ ಮೇಯರ್ ಆಂತೋನಿಯೊ ವಿಲ್ಯೇಗಾಸ್ ಒಂದು ಪಟ್ಟು ಹಿಡಿದರು: ಜೂನ್ 24ರ ನಗರದ ಹಬ್ಬಕ್ಕೆ ಮುಂಚಿನ ದಿನಗಳಲ್ಲಿ ಆ ಒಳ್ಳೆಯ ಟಾಕೀಸುಗಳೂ ಫಿಲಿಪೀನ್ಸಿನ ಸಿನಿಮಾಗಳನ್ನೇ ತೋರಿಸಬೇಕು. ಮೇಯರ್ ಹೇಳಿದ ಮೇಲೆ ಮಾಲೀಕರು ಗೊಣಗಿಕೊಂಡೇ ಒಪ್ಪಿದರು. ಆ ಹತ್ತು ದಿನಗಳಲ್ಲಿ ತಿಳಿದದ್ದು, ಹವಾನಿಯಂತ್ರಿತ ಟಾಕೀಸಿನಲ್ಲಿ ತಾಗಾಲೋಗ್ ಭಾಷೆಯ ಸಿನಿಮಾ ಹಾಕಿದರೂ ಜನ ಬರುತ್ತಾರೆ ಎಂಬುದು.

ಇಂದು ಉತ್ಸವವನ್ನು ನಡೆಸುವುದು ಯಾರು ಎಂದು ಕೇಳಿದರೆ ನಗು ಬರುತ್ತದೆ. ಸಂಸ್ಕೃತಿ ಇಲಾಖೆಯಲ್ಲ, ಅಕಾಡೆಮಿಯಲ್ಲ. ಮೆಟ್ರೊ ಮನಿಲಾ ಅಭಿವೃದ್ಧಿ ಪ್ರಾಧಿಕಾರ. ವರ್ಷವಿಡೀ ಅದರ ಕೆಲಸ ವಾಹನ ದಟ್ಟಣೆ ಬಿಡಿಸುವುದು, ಕಸ ಸಾಗಿಸುವುದು, ಪ್ರವಾಹದ ನೀರು ಪಂಪು ಮಾಡುವುದು. ಡಿಸೆಂಬರ್ ಬಂತೆಂದರೆ ಅದೇ ಪ್ರಾಧಿಕಾರ ಅತ್ಯುತ್ತಮ ನಟಿ ಯಾರೆಂದು ನಿರ್ಧರಿಸುವ ಸಮಿತಿ ಕೂಡಿಸುತ್ತದೆ. ಉತ್ಸವದ ದಿನಗಳಲ್ಲಿ ಮಹಾನಗರದ ಸ್ಥಳೀಯ ಆಡಳಿತಗಳು ಟಿಕೆಟ್ಟಿನ ಮೇಲಿನ ಮನರಂಜನಾ ತೆರಿಗೆಯನ್ನು ಬಿಟ್ಟುಕೊಡುತ್ತವೆ. ಆ ಹಣ ಸಿನಿಮಾ ಕಾರ್ಮಿಕರ ಕಲ್ಯಾಣ ನಿಧಿಯಂಥ ಸಂಸ್ಥೆಗಳಿಗೆ ಹೋಗಬೇಕೆಂದು ನಿಯಮ. ಅದು ಸರಿಯಾಗಿ ಹೋಯಿತೇ ಎಂಬ ತಕರಾರು ಸಂಸತ್ತಿನವರೆಗೂ ಏರಿ ಇಳಿದಿದೆ.

ಈ ಪ್ರಾಧಿಕಾರವೇ ಉತ್ಸವಕ್ಕೆ ಮುಂಚೆ ನಡುಬೀದಿಯಲ್ಲಿ ಮೆರವಣಿಗೆ ಹೊರಡಿಸಿ, ತಾನೇ ಬಿಡಿಸಬೇಕಾದ ದಟ್ಟಣೆಯನ್ನು ತಾನೇ ಕಟ್ಟುತ್ತದೆ. ಡಿಸೆಂಬರ್ 21ರ ಶನಿವಾರ ನಾವು ಹೋದದ್ದು ಅದಕ್ಕೇ. ಸ್ಪರ್ಧೆಯಲ್ಲಿದ್ದ ಹತ್ತು ಸಿನಿಮಾಗಳಿಗೆ ಹತ್ತು ಅಲಂಕೃತ ಲಾರಿಗಳು, ಪ್ರತಿಯೊಂದರ ಮೇಲೂ ಆಯಾ ಚಿತ್ರದ ನಟ ನಟಿಯರು. ಒಂದರ ಮೇಲೆ ಅರಮನೆ, ಇನ್ನೊಂದರ ಮೇಲೆ ಜೈಲು, ಮತ್ತೊಂದರ ಮೇಲೆ ಬೆದರುಬೊಂಬೆ. ನಮ್ಮ ಊರಿನ ತೇರು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉತ್ಸವಮೂರ್ತಿ ಗರ್ಭಗುಡಿ ಬಿಟ್ಟು ಬೀದಿಗೆ ಬರುತ್ತದೆ, ಒಳಗೆ ಹೋಗಲಾಗದವರೂ ಕಣ್ತುಂಬ ನೋಡುತ್ತಾರೆ. ಬಾಳೆಹಣ್ಣು ದವನದ ಬದಲು ಇಲ್ಲಿ ಮೇಲಿನಿಂದ ಕೆಳಕ್ಕೆ ಟೀ ಶರ್ಟು, ಮಿಠಾಯಿ. ನನ್ನ ಪಕ್ಕದಲ್ಲಿ ಸಿಗರೇಟು ಮಾರುವ ಒಬ್ಬ ಮುದುಕ ಬಿಸಿಲಲ್ಲಿ ಗಂಟೆಗಟ್ಟಲೆ ನಿಂತಿದ್ದ. ಯಾವ ಸಿನಿಮಾ ನೋಡುತ್ತೀರಿ ಎಂದು ನಮ್ಮ ಹುಡುಗ ಕೇಳಿದ. ಮುದುಕ ಕೈಯಾಡಿಸಿಬಿಟ್ಟ. ಸಿನಿಮಾ ಯಾರು ನೋಡುತ್ತಾರೆ, ತುಂಬಾ ದುಬಾರಿ, ನಾನು ಬಂದದ್ದು ವಿಲ್ಮಾಳನ್ನು ನೋಡಲು. ವಿಲ್ಮಾ ಸಾಂತೋಸ್ ಅರುವತ್ತರ ದಶಕದಿಂದ ತೆರೆಯ ಮೇಲಿರುವ ತಾರೆ. ನಡುವೆ ಬಾತಂಗಾಸ್ ಪ್ರಾಂತ್ಯದ ಗವರ್ನರ್ ಕೂಡ ಆಗಿದ್ದವರು. ಎಪ್ಪತ್ತು ದಾಟಿದ ಮೇಲೂ ಲಾರಿ ಏರಿ ಕೈ ಬೀಸುತ್ತಿದ್ದರು.

‘ದುಬಾರಿ’ ಎಂಬ ಮಾತು ಕಿವಿಯಲ್ಲಿ ಉಳಿಯಿತು. ಆ ವರ್ಷ ರಾಜಧಾನಿ ಪ್ರದೇಶದಲ್ಲಿ ದಿನದ ಕನಿಷ್ಠ ಕೂಲಿ 645 ಪೆಸೊ. ಮಾಲ್‌ನ ಟಿಕೆಟ್ಟು ಮುನ್ನೂರೈವತ್ತರ ಮೇಲೆಯೇ. ಆಗ ಪೆಸೊ ಎಂದರೆ ನಮ್ಮ ಒಂದೂವರೆ ರೂಪಾಯಿಗೆ ಸ್ವಲ್ಪ ಕಡಿಮೆ. ಐದು ಜನರ ಸಂಸಾರ ಒಂದು ಸಿನಿಮಾ ನೋಡಬೇಕೆಂದರೆ ಯಜಮಾನ ಮೂರು ದಿನ ದುಡಿದದ್ದು ಕರಗುತ್ತದೆ, ಅದೂ ಪಾಪ್‌ಕಾರ್ನ್ ಇಲ್ಲದೆ. ಉತ್ಸವ ಹುಟ್ಟಿದ ಕಾಲದಲ್ಲಿ ಹೀಗಿರಲಿಲ್ಲ. ಆಗ ಸಿನಿಮಾಗಳು ಓಡುತ್ತಿದ್ದದ್ದು ರಿಸಾಲ್ ಅವೆನ್ಯೂ, ಕಿಯಾಪೊ ಕಡೆಯ ಒಂಟಿ ಪರದೆಯ ದೊಡ್ಡ ಟಾಕೀಸುಗಳಲ್ಲಿ. ಇಂದು ರಿಸಾಲ್ ಅವೆನ್ಯೂವಿನ ತಲೆಯ ಮೇಲೆ ರೈಲು ಓಡುತ್ತದೆ. ಅದರ ನೆರಳಿನಲ್ಲಿ ಹಳೆಯ ಟಾಕೀಸುಗಳ ಮುಖಗಳು ಅಂಗಡಿ ಬೋರ್ಡುಗಳ ಹಿಂದೆ ಮುಚ್ಚಿಹೋಗಿವೆ. ಹಾಲಿವುಡ್ಡನ್ನು ಹೊರಗಿಡುವ ನಿಯಮ ಉಳಿಯಿತು. ನಿಯಮ ಯಾರಿಗಾಗಿತ್ತೋ ಅವರಲ್ಲಿ ಅರ್ಧ ಜನರನ್ನು ಮಾಲ್‌ನ ಬೆಲೆ ಹೊರಗಿಟ್ಟಿತು. ಐವತ್ತನೆಯ ವರ್ಷದ ನೆಪದಲ್ಲಿ ಸೆಪ್ಟೆಂಬರ್‌ ಕೊನೆಯಿಂದ ಅಕ್ಟೋಬರ್‌ವರೆಗೆ ಐವತ್ತು ಹಳೆಯ ಚಿತ್ರಗಳನ್ನು ಐವತ್ತು ಪೆಸೊಗೆ ತೋರಿಸಿದ್ದರಂತೆ. ನನ್ನ ಮಟ್ಟಿಗೆ ಇಡೀ ಸಂಭ್ರಮದಲ್ಲಿ ಅತ್ಯಂತ ಘನವಾದ ಕೆಲಸ ಅದೇ.

ಹಳೆಯ ಚಿತ್ರಗಳು ಎಂದೆ. 1976ರ ಪಟ್ಟಿಯನ್ನು ನೋಡಿದರೆ ಬೆರಗಾಗುತ್ತದೆ. ಎಡ್ಡಿ ರೊಮೆರೊ ಅವರ ‘ಗನಿತೊ ಕಮಿ ನೂನ್, ಪಾನೊ ಕಯೊ ನಯೋನ್?’ ಅತ್ಯುತ್ತಮ ಚಿತ್ರವಾಯಿತು: ಸ್ಪೇನಿನವರು ಹೊರಟು ಅಮೆರಿಕನ್ನರು ಬರುವ ಹೊತ್ತಿನಲ್ಲಿ ತಾನು ಯಾರೆಂದು ಹುಡುಕಿಕೊಂಡು ಅಲೆಯುವ ಒಬ್ಬ ಮುಗ್ಧ ಹಳ್ಳಿಗನ ಕಥೆ. ಅದೇ ಕ್ರಿಸ್‌ಮಸ್‌ನಲ್ಲಿ ಲಿನೊ ಬ್ರೊಕಾ ಅವರ ‘ಇನ್ಸಿಯಾಂಗ್’. ತೊಂದೊ ಕೊಳೆಗೇರಿಯ ಹುಡುಗಿ, ತಾಯಿಯ ಪ್ರಿಯಕರನಿಂದಲೇ ಬಲಾತ್ಕಾರಕ್ಕೆ ಒಳಗಾಗಿ, ತಣ್ಣಗೆ ಸೇಡು ತೀರಿಸಿಕೊಳ್ಳುವುದು ಅದರ ವಸ್ತು. ಚಿತ್ರ ಶುರುವಾಗುವುದೇ ಹಂದಿಗಳ ಕಸಾಯಿಖಾನೆಯಲ್ಲಿ. ಹೊಸ ಬಟ್ಟೆ ತೊಟ್ಟು, ಚರ್ಚಿನಿಂದ ನೇರ ಬಂದ ಸಂಸಾರವೊಂದು ಕ್ರಿಸ್‌ಮಸ್ ದಿನ ಆ ಮೊದಲ ದೃಶ್ಯದ ಮುಂದೆ ಕೂತದ್ದನ್ನು ಊಹಿಸಿಕೊಳ್ಳಿ. ಚಿತ್ರದ ಮೂವರು ನಟರಿಗೆ ಪ್ರಶಸ್ತಿ ಬಂತು, ಗಲ್ಲಾಪೆಟ್ಟಿಗೆ ತುಂಬಲಿಲ್ಲ. 1978ರಲ್ಲಿ ಕಾನ್ ಉತ್ಸವದಲ್ಲಿ ತೋರಿಸಲ್ಪಟ್ಟ ಮೊದಲ ಫಿಲಿಪಿನೊ ಚಿತ್ರ ಅದಾಯಿತು. ಯಾವ ನಿಯಮ ‘ಇನ್ಸಿಯಾಂಗ್’ಗೆ ಜಾಗ ಕೊಟ್ಟಿತೋ ಅದೇ ನಿಯಮದ ಅಡಿಯಲ್ಲಿ ಅಂದಿನಿಂದ ಇಂದಿನವರೆಗೆ ದೆವ್ವದ ಸರಣಿಗಳೂ, ಮಾಂತ್ರಿಕರ ಹಾಸ್ಯಗಳೂ, ಅತ್ತೂ ಕರೆದೂ ರಂಪ ಮಾಡುವ ಶ್ರೀಮಂತ ಮನೆತನದ ಕಥೆಗಳೂ ಬಂದಿವೆ. ಜಾಗವನ್ನಷ್ಟೇ ಕೊಡಲು ನಿಯಮಕ್ಕೆ ಬರುತ್ತದೆ. ಆ ಜಾಗದಲ್ಲಿ ಏನು ಬರಬೇಕೆಂದು ಅದಕ್ಕೆ ಹೇಳಲು ಬರುವುದಿಲ್ಲ.

ಒಂದು ಸಂಜೆ ಹುಡುಗ ನನ್ನನ್ನು ಸಮುದ್ರ ತುಂಬಿಸಿ ಮಾಡಿದ ಭೂಮಿಯ ಕಡೆಗೆ ಕರೆದುಕೊಂಡು ಹೋದ. ಅಲ್ಲಿ ಪಾರ್ಥೆನಾನ್ ದೇಗುಲದ ಹಾಗೆ ಕಂಬಗಳ ಸಾಲು ನಿಲ್ಲಿಸಿಕೊಂಡು, ಬಾಗಿಲಿಗೆ ಬೀಗ ಹಾಕಿಕೊಂಡು ನಿಂತಿದೆ ಮನಿಲಾ ಫಿಲ್ಮ್ ಸೆಂಟರ್. ಇದು ಇನ್ನೊಂದು ಉತ್ಸವಕ್ಕಾಗಿ ಕಟ್ಟಿದ್ದು. ಅಧ್ಯಕ್ಷನ ಹೆಂಡತಿ ಇಮೆಲ್ಡಾ ಮಾರ್ಕೋಸ್‌ಗೆ ಕಾನ್‌ಗೆ ಸಾಟಿಯಾದ ಅಂತರರಾಷ್ಟ್ರೀಯ ಚಿತ್ರೋತ್ಸವ ಬೇಕಿತ್ತು. 1982ರ ಜನವರಿಗೆ ಕಟ್ಟಡ ಮುಗಿಯಲೇಬೇಕಿತ್ತು. ಕಾರ್ಮಿಕರು ಹಗಲೂ ರಾತ್ರಿ ಪಾಳಿಯಲ್ಲಿ ದುಡಿದರು. 1981ರ ನವೆಂಬರ್ 17ರ ನಸುಕಿನಲ್ಲಿ ಸಾರುವೆ ಕುಸಿಯಿತು. ಆಳುಗಳು ಹಸಿ ಸಿಮೆಂಟಿನೊಳಗೆ ಬಿದ್ದರು. ಸತ್ತವರ ಲೆಕ್ಕ ಇಂದಿಗೂ ವಿವಾದದಲ್ಲಿದೆ. ಕೆಲಸ ಮಾತ್ರ ನಿಲ್ಲಲಿಲ್ಲ, ಉತ್ಸವ ಹೇಳಿದ ದಿನಕ್ಕೇ ನಡೆಯಿತು, ಪರದೇಶದ ತಾರೆಯರು ಬಂದರು. ಮರುವರ್ಷ ಇನ್ನೊಮ್ಮೆ ನಡೆದು ಆ ಉತ್ಸವ ನಿಂತುಹೋಯಿತು. ಆ ಜಾಗದಲ್ಲಿ ದೆವ್ವಗಳಿವೆ ಎಂದು ಮನಿಲಾದ ಟ್ಯಾಕ್ಸಿಯವರೆಲ್ಲ ಹೇಳುತ್ತಾರೆ. ನಮ್ಮನ್ನು ಕರೆತಂದವನು ಹತ್ತಿರ ನಿಲ್ಲಿಸಲೂ ಒಪ್ಪಲಿಲ್ಲ.

ವಿಚಿತ್ರವೆಂದರೆ, ಇದೇ ಆಳ್ವಿಕೆಯ ದುಡ್ಡಿನಲ್ಲಿ ಇದೇ 1982ರ ಕೊನೆಗೆ ಫಿಲಿಪೀನ್ಸಿನ ಅತ್ಯಂತ ದೊಡ್ಡ ಚಿತ್ರಗಳಲ್ಲೊಂದು ಹುಟ್ಟಿತು. ಸರ್ಕಾರದ ಎಕ್ಸ್‌ಪೆರಿಮೆಂಟಲ್ ಸಿನಿಮಾ ಆಫ್ ದ ಫಿಲಿಪೀನ್ಸ್ ಸಂಸ್ಥೆ, ಅದರ ಮುಖ್ಯಸ್ಥೆ ಮಾರ್ಕೋಸ್‌ನ ಮಗಳು ಇಮೀ. ನಿರ್ದೇಶಕ ಇಷ್ಮಾಯೆಲ್ ಬೆರ್ನಾಲ್, ಬರೆದವರು ರಿಕಿ ಲೀ, ಚಿತ್ರ ‘ಹಿಮಾಲಾ’. ಬರಗಾಲದ ಊರೊಂದರ ಹುಡುಗಿ ಎಲ್ಸಾ ತನಗೆ ಮೇರಿಮಾತೆ ಕಾಣಿಸಿಕೊಂಡಳೆಂದು ಹೇಳುತ್ತಾಳೆ. ರೋಗಿಗಳು ಬರುತ್ತಾರೆ, ಬಸ್ಸು ಬರುತ್ತದೆ, ವ್ಯಾಪಾರಿಗಳೂ ಸೂಳೆಮನೆಯೂ ಟಿವಿಯವರೂ ಬರುತ್ತಾರೆ, ಊರು ದುಡ್ಡು ನೋಡುತ್ತದೆ. ಕೊನೆಗೆ ಮರಳ ದಿನ್ನೆಯ ಮೇಲೆ ಸಾವಿರಾರು ಜನರೆದುರು ಎಲ್ಸಾ ನಿಜ ಹೇಳುತ್ತಾಳೆ. ಆ ಪಾತ್ರ ಮಾಡಿದ ನೋರಾ ಔನೊರ್ ಬಾಲ್ಯದಲ್ಲಿ ರೈಲು ನಿಲ್ದಾಣದಲ್ಲಿ ನೀರು ಮಾರಿದವರು. ಬಿಳಿ ಚರ್ಮ, ಎತ್ತರದ ಮೂಗನ್ನೇ ಕೇಳುತ್ತಿದ್ದ ತೆರೆಗೆ ಕಪ್ಪು ಬಣ್ಣದ ಗಿಡ್ಡ ದೇಹವನ್ನು ಹೊತ್ತು ಬಂದವರು. 2022ರಲ್ಲಿ ಅವರು ರಾಷ್ಟ್ರೀಯ ಕಲಾವಿದೆ ಎನಿಸಿಕೊಂಡರು. 2025ರ ಏಪ್ರಿಲಿನಲ್ಲಿ ತೀರಿಕೊಂಡರು. ‘ಹಿಮಾಲಾ’ ಬಿಡುಗಡೆಯಾದದ್ದೂ ಕ್ರಿಸ್‌ಮಸ್‌ನ ಇದೇ ಉತ್ಸವದಲ್ಲಿ, ಅತ್ಯುತ್ತಮ ಚಿತ್ರವಾದದ್ದೂ ಇಲ್ಲೇ. ಕ್ರಿಸ್ತ ಹುಟ್ಟಿದ ದಿನ, ಪವಾಡವೆಂಬುದೇ ಇಲ್ಲ ಎಂದು ಸಾರುವ ಸಿನಿಮಾವನ್ನು ಕೆಥೊಲಿಕ್ ದೇಶವೊಂದು ಸಾಲುಗಟ್ಟಿ ನಿಂತು ನೋಡಿತು.

ಕ್ರಿಸ್‌ಮಸ್ ದಿನ. ಹಿಂದಿನ ರಾತ್ರಿಯ ಹಬ್ಬದೂಟದ ಹ್ಯಾಮ್ ಮತ್ತು ನೂಡಲ್ಸಿನಲ್ಲಿ ಮಿಕ್ಕದ್ದನ್ನೇ ಮಧ್ಯಾಹ್ನವೂ ತಿಂದು ಟೀಟಾ ಅವರ ಸಂಸಾರದ ಜೊತೆ ನಾವೂ ಹೊರಟೆವು. ಇಬ್ಬರು ಹೆಣ್ಣುಮಕ್ಕಳು, ಒಬ್ಬ ಅಳಿಯ, ಮೊಮ್ಮಕ್ಕಳ ಒಂದು ಗುಂಪು. ಮೊಮ್ಮಕ್ಕಳು ಒಬ್ಬೊಬ್ಬರಾಗಿ ಬಂದು ನನ್ನ ಕೈ ಹಿಡಿದು ಹಣೆಗೊತ್ತಿಕೊಂಡರು. ಹಿರಿಯರಿಗೆ ನಮಸ್ಕಾರ ಮಾಡುವ ಕ್ರಮ. ಬಳಿಕ ಹಾಗೇ ನಿಂತರು. ಹುಡುಗ ನನ್ನ ಪಕ್ಕೆ ತಿವಿದು, ‘ಮೇಷ್ಟ್ರೇ, ದುಡ್ಡು ಕೊಡಿ’ ಎಂದ. ಕೊಟ್ಟೆ. ಮಾಲ್‌ನ ಬಾಗಿಲಲ್ಲಿ ಸಾಂತಾ ಟೋಪಿ ಹಾಕಿಕೊಂಡ ಕಾವಲುಗಾರ ನಮ್ಮ ಚೀಲಗಳಲ್ಲಿ ಕೋಲಾಡಿಸಿ ಒಳಗೆ ಬಿಟ್ಟ.

ಯಾವ ಸಿನಿಮಾ ಎಂಬ ಚರ್ಚೆಯೇ ಇರಲಿಲ್ಲ. ವೈಸ್ ಗಾಂಡಾ. ಅಲ್ಲಿಯ ಟಿವಿಯ ಮಹಾ ಹಾಸ್ಯನಟ, ಬಹಿರಂಗವಾಗಿ ಸಲಿಂಗಿ, ಕ್ರಿಸ್‌ಮಸ್ ಸಿನಿಮಾದ ದೊರೆ. ಆ ವರ್ಷದ ಚಿತ್ರ ‘ಅಂಡ್ ದ ಬ್ರೆಡ್‌ವಿನ್ನರ್ ಈಸ್’, ನಿರ್ದೇಶನ ಜೂನ್ ರೋಬ್ಲೆಸ್ ಲಾನಾ. ತೈವಾನಿನಲ್ಲಿ ದುಡಿದು ಮನೆಗೆ ಹಣ ಕಳಿಸುವ ಬಾಂಬಿ ಊರಿಗೆ ಮರಳುತ್ತಾನೆ. ಕಳಿಸಿದ ಹಣದಲ್ಲಿ ಎದ್ದಿರಬೇಕಾದ ಮನೆ ಎದ್ದಿಲ್ಲ, ಹಣ ನೀರಾಗಿದೆ. ಸಾಲದ್ದಕ್ಕೆ ಅವನು ಸತ್ತನೆಂಬ ತಪ್ಪು ಸುದ್ದಿ ಹಬ್ಬಿ, ವಿಮೆಯ ಹಣದ ಆಸೆಗೆ ಸಂಸಾರವೇ ಅವನನ್ನು ಸತ್ತವನ ಹಾಗೆ ಇಡಲು ನೋಡುತ್ತದೆ.

ಮೊದಲ ಒಂದೂವರೆ ಗಂಟೆ ಜನ ಉರುಳಾಡಿ ನಕ್ಕರು. ಅರ್ಧಕ್ಕರ್ಧ ಮಾತು ನನಗೆ ತಿಳಿಯಲಿಲ್ಲ. ಹುಡುಗ ಕಿವಿಯಲ್ಲಿ ಕನ್ನಡದಲ್ಲಿ ಹೇಳುವಷ್ಟರಲ್ಲಿ ಮುಂದಿನ ನಗು ಶುರುವಾಗಿರುತ್ತಿತ್ತು. ಹಾಸ್ಯದಲ್ಲಿ ಬಹಳಷ್ಟು ಒರಟು, ಕೆಲವು ತೀರ ಸವಕಲು, ಬೆಂಗಳೂರಿನಲ್ಲಾಗಿದ್ದರೆ ಮಧ್ಯಂತರಕ್ಕೇ ಎದ್ದುಬರುತ್ತಿದ್ದೆ. ಆಮೇಲೆ ಬಂತು ಆ ದೃಶ್ಯ. ಇಡೀ ಸಂಸಾರ ಒಂದು ಕೋಣೆಯಲ್ಲಿ. ಬಾಂಬಿ ತಾನು ಇಷ್ಟು ವರ್ಷ ನುಂಗಿಕೊಂಡದ್ದನ್ನೆಲ್ಲ ಹೊರಹಾಕುತ್ತಾನೆ, ಅಕ್ಕ ತಮ್ಮಂದಿರೂ ತಮ್ಮದನ್ನು ಹೇಳುತ್ತಾರೆ. ಪರದೇಶಕ್ಕೆ ಹೋದವನಿಗೆ ಮಾತ್ರ ತ್ಯಾಗ, ಇಲ್ಲೇ ಉಳಿದು ತಂದೆ ತಾಯಿಯನ್ನು ನೋಡಿಕೊಂಡವರಿಗೆ ಏನೂ ಇಲ್ಲವೇ? ಜಗಳ ಮುಗಿಯುವುದೇ ಇಲ್ಲ, ನಿರ್ದೇಶಕ ಅದನ್ನು ಕತ್ತರಿಸುವುದೂ ಇಲ್ಲ. ಹತ್ತು ನಿಮಿಷ ಹಿಂದೆ ಚೀರಿ ನಕ್ಕ ಸಭಾಂಗಣದಲ್ಲಿ ಮೂಗೆಳೆಯುವ ಸದ್ದು. ನನ್ನ ಬಲಕ್ಕೆ ಟೀಟಾ ಅವರ ದೊಡ್ಡ ಮಗಳು ಎದೆಯ ಮೇಲೆ ಕೈಯಿಟ್ಟುಕೊಂಡು ಬಿಕ್ಕುತ್ತಿದ್ದಳು. ಆಕೆ ರಿಯಾದ್‌ನಲ್ಲಿ ನರ್ಸು. ಮೂರು ವರ್ಷಕ್ಕೊಮ್ಮೆ ಸಿಗುವ ಕ್ರಿಸ್‌ಮಸ್ ರಜೆಗೆ ಬಂದಿದ್ದಳು. ಪಕ್ಕದಲ್ಲಿ ಅವಳ ತಂಗಿ, ಊರಲ್ಲೇ ಉಳಿದವಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಯಾವ ಹಾಲಿವುಡ್ ಚಿತ್ರ ಇವರಿಬ್ಬರ ನಡುವಿನ ಲೆಕ್ಕಾಚಾರವನ್ನು ಇಷ್ಟು ಖಚಿತವಾಗಿ ಬಲ್ಲುದು? ಹೊರಗಿನವರ ಕಣ್ಣಿಗೆ ಅಗ್ಗದ ಹಾಸ್ಯವೆಂದು ಕಂಡದ್ದರ ಕೆಳಗೆ ಒಂದು ದೇಶದ ಮನೆವಾರ್ತೆಯೇ ಇತ್ತು. ದುಡಿಯಲು ಹೊರಗೆ ಹೋದವರ ಹಣದ ಮೇಲೆ ನಿಂತ ದೇಶ ಅದು. ಆ ಜನ ಮನೆಗೆ ಬರುವ ಎರಡು ವಾರದಲ್ಲೇ ಈ ಉತ್ಸವವೂ ಬರುತ್ತದೆ. ಇದನ್ನು ಉತ್ಸವ ಎನ್ನಬಹುದೇ ಎಂಬ ನನ್ನ ಅನುಮಾನ ಅಲ್ಲಿಗೆ ಮುಗಿಯಿತು. ಅದರ ಜಾಗದಲ್ಲಿ ಬೇರೊಂದು ಪ್ರಶ್ನೆ ಎದ್ದಿತು.

ಅದು, ಉಳಿದ ಒಂಬತ್ತರ ಗತಿಯೇನು ಎಂಬುದು. ಆ ಮಾಲ್‌ನಲ್ಲಿ ಹಲವು ಪರದೆಗಳಿದ್ದವು. ವೈಸ್ ಗಾಂಡಾ ಒಬ್ಬನೇ ಮೂರರಲ್ಲಿ. ವಿಲ್ಮಾ ಒಂದು, ರಾಜನ ವೇಷದ ಹಾಸ್ಯನಟ ವಿಕ್ ಸೊತ್ತೊ ಇನ್ನೊಂದು. ಆತನ ‘ದ ಕಿಂಗ್‌ಡಮ್’ ಒಂದು ಚೆಂದದ ಕಲ್ಪನೆಯ ಮೇಲೆ ನಿಂತಿದೆ: ಈ ದ್ವೀಪಗಳನ್ನು ಸ್ಪೇನ್ ಆಗಲಿ ಅಮೆರಿಕ ಆಗಲಿ ಎಂದೂ ಆಳಿರದಿದ್ದರೆ? ಎಲ್ಲಕ್ಕಿಂತ ನೋಡಬೇಕೆಂದಿದ್ದ ‘ಇಸಾಂಗ್ ಹಿಮಾಲಾ’ ಮಾತ್ರ ಆ ಮಾಲ್‌ನಲ್ಲಿ ಇರಲೇ ಇಲ್ಲ. ಬೆರ್ನಾಲ್‌ನ ಚಿತ್ರದಿಂದ ಹುಟ್ಟಿದ ರಂಗನಾಟಕವನ್ನು ಪೆಪೆ ದಿಯೋಕ್ನೊ ಹಾಡುಗಳ ಸಿನಿಮಾ ಮಾಡಿದ್ದರು. ತೀರ ಕೆಲವೇ ಪರದೆ ಸಿಕ್ಕಿತ್ತು. ಹೊರಗಿನ ಮಲ್ಲರನ್ನು ಕಣದಿಂದ ಕಳಿಸಿದ ಮೇಲೆ ಒಳಗಿನ ಮಲ್ಲರ ಸರದಿ. ಟಾಕೀಸಿನವನು ಮೊದಲ ದಿನದ ಗಲ್ಲಾ ನೋಡುತ್ತಾನೆ, ಎರಡನೆಯ ದಿನ ಪರದೆ ಬದಲಿಸುತ್ತಾನೆ. 27ರ ರಾತ್ರಿ ಪ್ರಶಸ್ತಿ ಸಮಾರಂಭದಲ್ಲಿ ಅತ್ಯುತ್ತಮ ಚಿತ್ರ ಎನಿಸಿದ್ದು ಝಿಗ್ ದುಲಾಯ್ ಅವರ ಜೈಲಿನ ಕಥೆ ‘ಗ್ರೀನ್ ಬೋನ್ಸ್’. ಅದಕ್ಕೂ ಪ್ರಶಸ್ತಿಯ ನಂತರವೇ ಪರದೆಗಳು ಹೆಚ್ಚಿದವು. ‘ಇಸಾಂಗ್ ಹಿಮಾಲಾ’ಕ್ಕೆ ತೀರ್ಪುಗಾರರ ವಿಶೇಷ ಬಹುಮಾನ.

ಈ ಅನ್ಯಾಯವನ್ನು ಸರಿಪಡಿಸಲು ಅಲ್ಲಿಯವರು ಒಮ್ಮೆ ಹೊರಟಿದ್ದರು. 2016ರಲ್ಲಿ ಆಯ್ಕೆ ಸಮಿತಿ ದೊಡ್ಡ ಹಾಸ್ಯನಟರ ಸರಣಿಗಳನ್ನು ಪೂರ್ತಿ ಹೊರಗಿಟ್ಟು ಎಂಟು ಹೊಸ ಬಗೆಯ ಚಿತ್ರಗಳನ್ನು ಆರಿಸಿತು. ಅತ್ಯುತ್ತಮ ಚಿತ್ರವಾದದ್ದು ಒಂದು ಸಾಕ್ಷ್ಯಚಿತ್ರ, ಬೇಬಿ ರೂತ್ ವಿಲ್ಯರಾಮಾ ಅವರ ‘ಸಂಡೇ ಬ್ಯೂಟಿ ಕ್ವೀನ್’. ಹಾಂಕಾಂಗ್‌ನಲ್ಲಿ ಮನೆಗೆಲಸ ಮಾಡುವ ಫಿಲಿಪೀನ್ಸಿನ ಹೆಂಗಸರು ವಾರದ ಏಕೈಕ ರಜೆಯಾದ ಭಾನುವಾರದಂದು ತಮ್ಮೊಳಗೇ ಸೌಂದರ್ಯ ಸ್ಪರ್ಧೆ ನಡೆಸುತ್ತಾರೆ. ಕಿರೀಟ ತೊಟ್ಟವಳು ರಾತ್ರಿ ಹೊತ್ತಿಗೆ ಮಾಲೀಕರ ಮನೆಗೆ ಓಡಬೇಕು. ವಿಮರ್ಶಕರು ಕುಣಿದಾಡಿದರು, ಗಲ್ಲಾಪೆಟ್ಟಿಗೆ ಹಿಂದಿನ ವರ್ಷಕ್ಕಿಂತ ಬಹಳ ಕೆಳಗೆ ಬಿತ್ತು. ಮಕ್ಕಳು ನೋಡುವುದು ಏನನ್ನು ಎಂದು ತಂದೆತಾಯಿಯರು ಕೇಳಿದರು. ಮರುವರ್ಷ ಹಳೆಯ ಮುಖಗಳು ಮರಳಿದವು. ನನಗೇನೋ ಆ ಒಂದು ವರ್ಷದ ಮೇಲೆ ಮಮಕಾರ. ಆದರೆ ಅಳುತ್ತ ನಗುತ್ತ ಕೂತ ಆ ಅಕ್ಕತಂಗಿಯರನ್ನು ಕಂಡ ಮೇಲೆ, ಅವರಿಗೆ ಅವರ ವೈಸ್ ಗಾಂಡಾನನ್ನು ಇಲ್ಲವೆನ್ನಲು ನಾನು ಯಾರು ಎಂದೂ ಅನಿಸುತ್ತದೆ.

ರೊಹಾಸ್ ಬುಲೆವಾರ್ಡಿನ ಸಮುದ್ರದಂಡೆಯಲ್ಲಿ ನಡೆಯುವಾಗ ಮ್ಯಾಗ್ಸೆಸೆ ಪ್ರತಿಷ್ಠಾನದ ಕಟ್ಟಡ ಎದುರಾಯಿತು. ಕನ್ನಡಿಗನೊಬ್ಬ ಅಲ್ಲಿ ಒಂದು ಗಳಿಗೆ ನಿಲ್ಲಲೇಬೇಕು. ಮೈಸೂರಿನ ಆರ್.ಕೆ. ಲಕ್ಷ್ಮಣ್‌ಗೆ 1984ರಲ್ಲಿ ಪತ್ರಿಕೋದ್ಯಮ, ಸಾಹಿತ್ಯ, ಸೃಜನಶೀಲ ಸಂವಹನದ ಮ್ಯಾಗ್ಸೆಸೆ ಪ್ರಶಸ್ತಿ. ಮರುವರ್ಷ ಅದೇ ವಿಭಾಗದಲ್ಲಿ ಲಿನೊ ಬ್ರೊಕಾಗೆ. 1991ರಲ್ಲಿ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ. ಅದೇ 1991ರ ಮೇ ತಿಂಗಳಲ್ಲಿ ಬ್ರೊಕಾ ಕಾರು ಅಪಘಾತದಲ್ಲಿ ತೀರಿಕೊಂಡಿದ್ದರು. ಇಬ್ಬರು ಭೇಟಿಯಾಗಿದ್ದರೆ ಏನು 
ಮಾತಾಡುತ್ತಿದ್ದರೋ. ಸುಬ್ಬಣ್ಣ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಕುರೊಸಾವನನ್ನೂ ಸತ್ಯಜಿತ್ ರಾಯ್‌ನನ್ನೂ ತೋರಿಸಿದರು. ಹಳ್ಳಿಯವರಿಗೆ ಅರ್ಥವಾಗದು ಎಂದವರ ಮಾತು ಕೇಳಲಿಲ್ಲ. ಅಂದರೆ ಹೆಗ್ಗೋಡಿನಲ್ಲಿ ನಡೆದದ್ದು ಪ್ರಪಂಚದ ಸಿನಿಮಾವನ್ನು ಊರೊಳಕ್ಕೆ ಕರೆತರುವ ಕೆಲಸ. ಮನಿಲಾದಲ್ಲಿ ನಡೆಯುವುದು ಪ್ರಪಂಚದ ಸಿನಿಮಾವನ್ನು ಎರಡು ವಾರ ಊರ ಹೊರಗೆ ನಿಲ್ಲಿಸುವ ಕೆಲಸ. ಬ್ರೊಕಾನಂಥವನು ಎರಡಕ್ಕೂ ಸಲ್ಲುತ್ತಿದ್ದ: ಕಾನ್‌ಗೆ ಹೋದದ್ದು ಅವನ ಚಿತ್ರವೇ, ಕ್ರಿಸ್‌ಮಸ್ ದಿನ ತೊಂದೊದ ಜನರ ಮುಂದೆ ಬಂದದ್ದೂ ಅದೇ ಚಿತ್ರ.

‘ಮೇಷ್ಟ್ರೇ, ನಮ್ಮಲ್ಲೂ ದಸರೆಗೆ ಹೀಗೆ ಮಾಡಿದರೆ ಹೇಗೆ?’ ಎಂದ ಹುಡುಗ. ‘ಎರಡು ವಾರ ಕನ್ನಡ ಬಿಟ್ಟು ಬೇರೇನೂ ಇಲ್ಲ.’

ಈ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು. 2004ರಲ್ಲಿ ನಮ್ಮ ಚಲನಚಿತ್ರ ವಾಣಿಜ್ಯ ಮಂಡಳಿ ಪರಭಾಷೆಯ ಹೊಸ ಚಿತ್ರಗಳು ಏಳು ವಾರ ತಡೆದು ಬರಬೇಕೆಂದು ಪಟ್ಟು ಹಿಡಿದದ್ದನ್ನು ನೆನಪಿಸಿದೆ. ಗಲಾಟೆಯಾಯಿತು, ಪಟ್ಟು ಸಡಿಲವಾಯಿತು. ಅಲ್ಲದೆ ಮನಿಲಾ ಹೊರಗಿಡುವುದು ಸಾಗರದಾಚೆಯ ಹಾಲಿವುಡ್ಡನ್ನು. ನಾವು ಹೊರಗಿಡಬೇಕಾದ್ದು ಪಕ್ಕದ ಮನೆಯವರ ತಮಿಳನ್ನು, ಎದುರು ಮನೆಯವರ ತೆಲುಗನ್ನು. ಅವರೂ ನಮ್ಮ ಜೊತೆ ಸಾಲಿನಲ್ಲಿ ನಿಲ್ಲುವವರೇ. ‘ಅದಿರಲಿ’ ಎಂದೆ, ‘ದಸರೆಯ ದಿನ ಹೊಸ ಬಟ್ಟೆ ಹಾಕಿಕೊಂಡು ಇಡೀ ಮನೆಯವರು ಕನ್ನಡ ಸಿನಿಮಾಕ್ಕೆ ಹೋಗಬೇಕು ಅಂತ ಎಷ್ಟು ಮನೆಯಲ್ಲಿ ಅನ್ನಿಸುತ್ತೆ ಈಗ? ಇವರಿಗೆ ನಿಯಮಕ್ಕಿಂತ ಗಟ್ಟಿಯಾಗಿರೋದು ಆ ಅಭ್ಯಾಸ.’ ಹುಡುಗ ಒಪ್ಪಲಿಲ್ಲ. ನಿಯಮ ಇಲ್ಲದಿದ್ದರೆ ಅಭ್ಯಾಸ ಎಲ್ಲಿಂದ ಬರುತ್ತಿತ್ತು ಎಂದ. ಐವತ್ತು ವರ್ಷದ ಲೆಕ್ಕ ಅವನ ಕಡೆಗಿತ್ತು, ನಾನು ಸುಮ್ಮನಾದೆ.

ಕೊನೆಗೆ ‘ಇಸಾಂಗ್ ಹಿಮಾಲಾ’ ದೂರದ ಒಂದು ಮಾಲ್‌ನಲ್ಲಿ, ದಿನಕ್ಕೊಂದೇ ಆಟವಿದೆ ಎಂದು ಗೊತ್ತಾಯಿತು. ಹೊರಡುವಾಗ ಟೀಟಾ ಬಾಗಿಲಲ್ಲಿ ತಡೆದು ಎಲ್ಲಿಗೆ ಎಂದರು. ಹೇಳಿದೆವು. ಅವರ ಕಣ್ಣು ಅರಳಿತು. ‘ಹಿಮಾಲಾ’ವನ್ನು ಅವರು ನೋಡಿದ್ದು 1982ರ ಅದೇ ಕ್ರಿಸ್‌ಮಸ್‌ನಲ್ಲಿ, ಗಂಡನಾಗಬೇಕಾದವನ ಜೊತೆ, ಮನೆಯಲ್ಲಿ ಸುಳ್ಳು ಹೇಳಿ. ಅದೇ ಕಥೆಯ ಹೊಸ ಸಿನಿಮಾ ಬಂದಿದೆ ಎಂದು ಅವರಿಗೆ ತಿಳಿದೇ ಇರಲಿಲ್ಲ. ತಮ್ಮ ಮಾಲ್‌ನ ಬೋರ್ಡಿನಲ್ಲಿ ಇಲ್ಲದ್ದು ಹೇಗೆ ತಿಳಿಯಬೇಕು? ಚಪ್ಪಲಿ ಬದಲಿಸಿಕೊಂಡು ಬಂದೇ ಬಿಟ್ಟರು. ಜೀಪ್ನಿ, ರೈಲು, ಮತ್ತೆ ಜೀಪ್ನಿ.

ಸಭಾಂಗಣ ಮುಕ್ಕಾಲು ಖಾಲಿ. ಐಸೆಲ್ ಸಾಂತೋಸ್ ಎಲ್ಸಾ ಆಗಿ ಹಾಡುತ್ತಿದ್ದರೆ ಟೀಟಾ ಹಳೆಯ ಚಿತ್ರದ ಮಾತುಗಳನ್ನು ತುಟಿಯಲ್ಲೇ ಆಡಿಕೊಳ್ಳುತ್ತಿದ್ದರು, ಒಂದೆರಡು ಕಡೆ ಹಾಡಿಗಿಂತ ಮೊದಲೇ. ಹೊರಗೆ ಬಂದ ಮೇಲೆ ತೀರ್ಪು ಕೊಡಲು ಅವರಿಗೆ ಹೊತ್ತು ಬೇಕಾಗಲಿಲ್ಲ. ಹಾಡು ಜಾಸ್ತಿಯಾಯಿತು. ಹುಡುಗಿಯ ದನಿ ಚೆನ್ನಾಗಿದೆ, ಆದರೆ ನೋರಾ ಬಾಯಿ ತೆರೆಯದೆಯೇ ಅಳಿಸುತ್ತಿದ್ದಳು. ಮರಳ ದಿನ್ನೆ ಚಿಕ್ಕದಾಯಿತು. ಆದರೂ ಬಂದದ್ದು ಒಳ್ಳೆಯದಾಯಿತು. ನಮ್ಮ ಮಾಲ್‌ನಲ್ಲೇ ಹಾಕಿದ್ದರೆ ಮಕ್ಕಳನ್ನೂ ಕರೆತರಬಹುದಿತ್ತು.

‘ಹಾಗಾದರೆ ಕ್ರಿಸ್‌ಮಸ್ ದಿನ ವೈಸ್ ಗಾಂಡಾ ಬಿಟ್ಟು ಇದಕ್ಕೆ ಬರುತ್ತಿದ್ದಿರಾ, ಟೀಟಾ?’ ಎಂದು ಹುಡುಗ ಕೆಣಕಿದ.

ಅವರು ಅವನ ಬೆನ್ನಿಗೊಂದು ಗುದ್ದಿದರು. ‘ಹುಚ್ಚ! 25ಕ್ಕೆ ವೈಸ್. ಇದು 26ಕ್ಕೆ.’